ಬಂಪರ್ ಬಿಚ್ಚಿದ ವಿಜ್ಞಾನದ ಮೇಷ್ಟ್ರು

ನಮ್ಮ ಮನೆಯಲ್ಲಿ ಯಾವ ವಸ್ತು ಕೆಟ್ಟರೂ ರಿಪೇರಿಗೆ ಹೊರಗಿನವರನ್ನು ಕರೆಯುವ ಪದ್ಧತಿ ಇಲ್ಲ. ನಾನಿದ್ದೇನಲ್ಲ! ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವನು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರ್, ಎಲ್ಲವನ್ನೂ ಸ್ವಹಸ್ತದಿಂದ ಬಿಚ್ಚಿದ್ದೇನೆ. ಜೋಡಿಸಿದ್ದು ಎಷ್ಟು ಎಂದು ಕೇಳುವವರು ಹೊಟ್ಟೆಕಿಚ್ಚಿನ ಜನ.

ಆ ವರ್ಷ ಒಂದು ಹಳೇ ಕಾರು ಕೊಂಡೆ. ಮೊದಲಿನ ಮಾಲೀಕ ಶೋಕಿಯ ಮನುಷ್ಯ. ಹಿಂದಿನ ಬಂಪರಿಗೆ ಗುಂಡಿಗಳ ಹಾಗೆ ನಾಲ್ಕು ಸೆನ್ಸರ್ ಕೂರಿಸಿದ್ದ. ರಿವರ್ಸ್ ಹಾಕಿ ಗೋಡೆಯ ಹತ್ತಿರ ಹೋದರೆ ಕಾರೇ ಕೀಂ ಕೀಂ ಎಂದು ಎಚ್ಚರಿಸುತ್ತಿತ್ತು. ನಮ್ಮ ಬೀದಿಯಲ್ಲಿ ಅಂಥ ಕಾರು ಇನ್ನೊಂದಿರಲಿಲ್ಲ. ಸಂಜೆಯಾದರೆ ಕೆಲಸವಿಲ್ಲದಿದ್ದರೂ ನಾನು ರಿವರ್ಸ್ ತೆಗೆಯುತ್ತಿದ್ದೆ. ಜನ ನಿಂತು ಕೇಳುತ್ತಿದ್ದರು.

"ಬಾವಲಿ ಇದ್ದಂಗೆ ಕಣ್ರಿ. ಸದ್ದು ಹೋಗ್ತತೆ, ತಗಲ್ತತೆ, ವಾಪಸ್ ಬರ್ತತೆ!" ಎಂದು ಕಿಟಕಿಯಿಂದ ತಲೆ ಹೊರಗಿಟ್ಟು ಪಾಠ ಮಾಡುತ್ತಿದ್ದೆ.

ಆಯುಧಪೂಜೆ ಬಂತು. ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಪೂಜೆಯನ್ನೂ ನಾನೇ ಮಾಡಿದೆ. ಮರುದಿನ ರಿವರ್ಸ್ ತೆಗೆದರೆ, ಹಿಂದೆ ಬರೀ ಬಯಲಿದ್ದರೂ ಕಾರು ಕೀಂಂಂ ಎಂದು ಒಂದೇ ಸಮನೆ ಅರಚತೊಡಗಿತು. ಒಂದು ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಎಡತುದಿಯದು. ಹೇಗೆ ಗೊತ್ತಾಯಿತು ಎಂದರೆ, ನೋಡಿದ ಕೂಡಲೇ ಗೊತ್ತಾಯಿತು!

ಬರುವ ಭಾನುವಾರ ತಾಳ್ಯದಲ್ಲಿ ನನ್ನ ಹೆಂಡತಿ ಗಿರಿಜಳ ತಂಗಿಯ ನಿಶ್ಚಿತಾರ್ಥವಿತ್ತು.

"ಕಿರುಚಿದ್ರೆ ಕಿರುಚ್ಲಿ ಬಿಡ್ರಿ, ಮುಂದಕ್ಕೆ ಓಡ್ತತಲ್ಲ, ಸಾಕು" ಎಂದಳು ಗಿರಿಜ. "ಹದಿನೈದು ವರ್ಷ ತೌರಿಗೆ ಬಸ್ಸಲ್ಲೇ ಹೋಗೀನಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದೀನಿ. ಭಾನುವಾರ ಒಂದಿನ ಎಲ್ಲರ ಮುಂದೆ ನಮ್ ಕಾರಿಂದ ಇಳೀಬೇಕು. ನಂಗೆ ಅಷ್ಟೇ ಆಸೆ."

ಹಾಗೆನ್ನುವಾಗ ಅವಳ ಮುಖ ನೋಡಬೇಕಿತ್ತು. ಇಂಥ ಹೆಂಡತಿಯನ್ನು ಅರಚುವ ಕಾರಿನಲ್ಲಿ ಕರೆದೊಯ್ಯುವುದೇ? ಛೆ! ದಸರಾ ರಜೆ ಬೇರೆ; ಶುಕ್ರವಾರವೇ ಕಾರು ತೆಗೆದುಕೊಂಡು ಚಿತ್ರದುರ್ಗಕ್ಕೆ ಹೋಗಿ ಹೊಸ ಸೆನ್ಸರ್ ತಂದೆ.

"ಅರ್ಧ ಗಂಟೆ ಕುಂತ್ಕಳ್ರಿ ಸಾರ್, ನಾವೇ ಹಾಕ್ಕೊಡ್ತೀವಿ" ಎಂದ ಅಂಗಡಿಯವನು.

"ನಾನು ವಿಜ್ಞಾನದ ಮೇಷ್ಟ್ರು" ಎಂದೆ.

ಅವನು ಸೆನ್ಸರನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟು, "ಹಂಗಾರೆ ದೇವರು ಒಳ್ಳೇದು ಮಾಡ್ಲಿ" ಎಂದ.

ಶನಿವಾರ ಮಧ್ಯಾಹ್ನ ಕಾರ್ಯಾಚರಣೆ ಆರಂಭವಾಯಿತು. ಸೆನ್ಸರಿನ ವೈರು ಒಳಗಡೆ ಇರುವುದರಿಂದ ಬಂಪರನ್ನೇ ಕಳಚಬೇಕಿತ್ತು. ಎಂಟು ಸ್ಕ್ರೂ ಬಿಚ್ಚಿ ಲೋಟಕ್ಕೆ ಹಾಕಿ ಎಳೆದೆ. ಬಂಪರ್ ಜಪ್ಪಯ್ಯ ಎನ್ನಲಿಲ್ಲ. ಆಗ ಪಕ್ಕದ ಮನೆಯ ತಿಪ್ಪೇಸ್ವಾಮಿಯವರು ಬಂದರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು.

"ಏನ್ ಮೇಷ್ಟ್ರೇ, ಹಿಂಭಾಗ ಹಿಡ್ಕಂಡು ಕುಂತೀರಿ?"

"ಬರವಲ್ದು ಕಣ್ರಿ."

"ಸರೀರಿ ಅತ್ಲಾಗೆ. ಕಷ್ಟದ ಹೆರಿಗೇಲಿ ಎಷ್ಟ್ ಕರ ಎಳೆದೀನಿ ನಾನು! ಮೂರು ಅಂದಾಗ ಇಬ್ರೂ ಒಂದೇ ಸಲ ಎಳೆಯಾಣ."

ಒಂದು, ಎರಡು, ಮೂರು! ಒಳಗೆಲ್ಲೋ ಟಪ್ ಟಪ್ ಟಪ್ ಎಂದು ಹನ್ನೊಂದು ಸಲ ಸದ್ದಾಯಿತು. ಮರುಕ್ಷಣ ನಾವಿಬ್ಬರೂ ಅಂಗಾತ ಬಿದ್ದಿದ್ದೆವು. ಬಂಪರ್ ನಮ್ಮ ಎದೆಯ ಮೇಲಿತ್ತು.

"ತಾಯಿ, ಮಗು ಇಬ್ರೂ ಕ್ಷೇಮ!" ಎಂದರು ತಿಪ್ಪೇಸ್ವಾಮಿಯವರು, ಮಲಗಿದಲ್ಲಿಂದಲೇ.

ನೆಲದ ತುಂಬ ಬಿಳೀ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಬಂಪರನ್ನು ಹಿಡಿದಿಡುವ ಕ್ಲಿಪ್ಪುಗಳಂತೆ ಅವು. ನನಗೆ ಆಗ ಅದು ಗೊತ್ತಿರಲಿಲ್ಲ, ಆದ್ದರಿಂದ ಬಹಳ ಖುಷಿಯಲ್ಲಿದ್ದೆ. ಇಷ್ಟು ದೊಡ್ಡ ವಸ್ತುವನ್ನು ನನ್ನ ಜೀವನದಲ್ಲೇ ಬಿಚ್ಚಿರಲಿಲ್ಲ! ಗಿರಿಜಳನ್ನು ಕರೆದು ತೋರಿಸಿದೆ. ಅವಳು ಕಾರನ್ನು ನೋಡಿದಳು, ಬಂಪರನ್ನು ನೋಡಿದಳು, ಆಮೇಲೆ ಕ್ಯಾಲೆಂಡರ್ ನೋಡಲು ಒಳಗೆ ಹೋದಳು.

ಬಂಪರನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ, ಎಡತುದಿಯ ಸೆನ್ಸರ್ ಕಿತ್ತು, ಹೊಸದನ್ನು ಕೂರಿಸಿ, ವೈರು ಸಿಕ್ಕಿಸಿ, ಕಾರನ್ನು ರಿವರ್ಸಿಗೆ ಹಾಕಿದೆ. ಕೀಂಂಂ! ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಕೀಂಂಂ! ಚಿತ್ರದುರ್ಗದ ಅಂಗಡಿಯವನಿಗೆ ಕತ್ತಲಾಗುವವರೆಗೂ ಬೈದೆ.

ಭಾನುವಾರ ಬೆಳಗ್ಗೆ ಗಿರಿಜ ರೇಷ್ಮೆ ಸೀರೆ ಉಟ್ಟು ಹಣ್ಣಿನ ಬುಟ್ಟಿ ಹಿಡಿದು ಹೊರಗೆ ಬಂದಳು. ನಾನು ಬಂಪರಿನ ಕೆಳಗಿದ್ದೆ.

"ಒಂಬತ್ತರ ಬಸ್ಸಿಗೆ ಹೋಗಾಣೇನ್ರಿ?" ಎಂದಳು ಮೆಲ್ಲಗೆ.

"ಬಸ್ಸಾ? ಹತ್ತೇ ನಿಮಿಷ ಕಣೇ!"

ಒಂಬತ್ತರ ಬಸ್ಸು ಹೋಯಿತು. ಅದರ ಹಾರನ್ ನಮ್ಮ ಮನೆಯವರೆಗೂ ಕೇಳಿಸಿತು. ಹನ್ನೊಂದಕ್ಕೆ ಮುಹೂರ್ತ, ಮಧ್ಯೆ ಬೇರೆ ಬಸ್ಸಿಲ್ಲ. ಗಿರಿಜಳ ಕಣ್ಣು ತುಂಬಿತು. ಅವಳು ಅಳುವ ಹೆಂಗಸಲ್ಲ. ಅಳು ಬಂದರೆ ಏನನ್ನಾದರೂ ಒರೆಸಲು ಶುರು ಮಾಡುತ್ತಾಳೆ. ಒದ್ದೆ ಬಟ್ಟೆ ತಂದು ಬಂಪರನ್ನು ಗಸಗಸ ಉಜ್ಜತೊಡಗಿದಳು. ನಾನು ಸ್ಟೀರಿಂಗ್ ಹಿಡಿದು ಕೀಂಂಂ ಕೇಳುತ್ತಾ ಕುಳಿತಿದ್ದೆ.

ಅವಳು ಉಜ್ಜಿ ಪಕ್ಕಕ್ಕೆ ಸರಿದಳು, ಇದ್ದಕ್ಕಿದ್ದಂತೆ ಸದ್ದು ನಿಂತಿತು.

"ರೀ, ಈ ಗುಂಡಿಗಳಿಗೆ ವಿಭೂತಿ ಮೆತ್ತಿದೋರು ಯಾರ್ರಿ?"

ನಾನೇ. ಆಯುಧಪೂಜೆಯ ದಿನ ಆ ನಾಲ್ಕು ಗುಂಡನೆಯ ಜಾಗಗಳನ್ನು ನೋಡಿ, ಇವನ್ನು ಇದಕ್ಕೇ ಮಾಡಿದ್ದಾರೆ ಅನ್ನಿಸಿತ್ತು. ಒಂದೊಂದಕ್ಕೂ ಮೂರು ಬೆರಳು ವಿಭೂತಿ, ನಡುವೆ ಗಂಧ, ಅದರ ಮೇಲೆ ಕುಂಕುಮ. ಭಕ್ತಿಯಿಂದ ಹೆಬ್ಬೆರಳು ಒತ್ತಿ ಒತ್ತಿ ಇಟ್ಟಿದ್ದೆ. ಅದು ಒಣಗಿ ಗಾರೆಯಾಗಿತ್ತು. ಸದ್ದು ಹೋಗುತ್ತದೆ, ವಿಭೂತಿಗೆ ತಗಲುತ್ತದೆ, ವಾಪಸ್ ಬರುತ್ತದೆ. ನಾನು ಬದಲಾಯಿಸಿದ್ದು ಒಂದನ್ನು. ಉಳಿದ ಮೂರು ವಿಭೂತಿ ಧರಿಸಿ ಕೂಗುತ್ತಿದ್ದವು. ಯಾವ ಸೆನ್ಸರೂ ಕೆಟ್ಟಿರಲಿಲ್ಲ!

ಗಿರಿಜ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಈಗ ಇದನ್ನ ಹಾಕ್ರಿ" ಎಂದಳು, ಅಷ್ಟೇ.

ಹಾಕಿದೆ, ಬಿತ್ತು. ಹಿಡಿದಿಡಲು ಕ್ಲಿಪ್ಪುಗಳೇ ಉಳಿದಿರಲಿಲ್ಲವಲ್ಲ. ತಿಪ್ಪೇಸ್ವಾಮಿಯವರು ಹಗ್ಗ ತಂದರು. ಗೇಟು ದಾಟುವಷ್ಟರಲ್ಲಿ ಮತ್ತೆ ಬಿತ್ತು. ಕೊನೆಗೆ ಬಂಪರನ್ನು ಜಗಲಿಯ ಮೇಲೆ ಮಲಗಿಸಿ, ಅದಕ್ಕೇ ಅಂಟಿಕೊಂಡಿದ್ದ ನಂಬರ್ ಪ್ಲೇಟನ್ನು ಕಿತ್ತು ಹಿಂದಿನ ಗಾಜಿಗೆ ಆನಿಸಿಟ್ಟು ಹೊರಟೆವು. ದಾರಿಯುದ್ದಕ್ಕೂ ಗಿರಿಜ ಕಾರಿನ ಕಿಟಕಿ ಗಾಜು ಒರೆಸುತ್ತಲೇ ಇದ್ದಳು.

ಹತ್ತೂ ಮುಕ್ಕಾಲಿಗೆ ತಾಳ್ಯ ತಲುಪಿದೆವು. ಚಪ್ಪರದ ಕೆಳಗೆ ಊರೇ ನೆರೆದಿತ್ತು. ಗಿರಿಜ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಇಳಿದಳು. ಅವಳ ತಾಯಿ ಓಡಿ ಬಂದು ಕೈ ಹಿಡಿದುಕೊಂಡರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕಾರಿಗೆ ಹಿಂಭಾಗವೂ ಇರುತ್ತದೆ ಎನ್ನುವುದೇ ಮರೆತುಹೋಯಿತು.

ಜನ ಮರೆಯಲಿಲ್ಲ. ಗಿರಿಜಳ ದೊಡ್ಡಪ್ಪ, ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾರ, ಕಾರಿನ ಸುತ್ತ ಒಂದು ಸುತ್ತು ಬಂದು ಹಿಂದೆ ನಿಂತುಬಿಟ್ಟರು.

"ಅಳಿಯಂದ್ರೇ, ಹಿಂದ್ಗಡೆ ಏನೂ ಇಲ್ಲಲ್ರೀ! ಯಾರಾನ ಗುದ್ದಿದ್ರಾ?"

ಚಪ್ಪರದಲ್ಲಿದ್ದವರೆಲ್ಲ ಎದ್ದು ಬಂದು ಕಾರಿನ ಹಿಂದೆ ಬಗ್ಗಿ ನೋಡಿದರು.

"ಯಾರೂ ಗುದ್ದಿಲ್ಲ ದೊಡ್ಡಪ್ಪ" ಎಂದಳು ಗಿರಿಜ, ತಲೆಯೆತ್ತಿ. "ಇವರೇ ಕೈಯಾರೆ ಬಿಚ್ಚಿದಾರೆ. ಮೆಕ್ಯಾನಿಕ್ ಇಲ್ದಂಗೆ!"

ಒಂದಕ್ಷರವೂ ಸುಳ್ಳಲ್ಲ. "ಭಲೇ! ಅಷ್ಟ್ ದೊಡ್ಡದ್ನ ಒಬ್ರೇ ಬಿಚ್ಚಿದ್ರಾ?" ಎಂದು ಜನ ನನ್ನ ಸುತ್ತ ಸೇರಿದರು. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲಿ, ಗಂಡಿನ ತಂದೆಯ ಪಕ್ಕದಲ್ಲೇ ಕೂರಿಸಿದರು. ಗಿರಿಜ ತಾನೇ ಬಂದು ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ ನಕ್ಕಳು. ಆಹಾ, ಬಂಪರ್ ಬಿಚ್ಚಿದ್ದು ಸಾರ್ಥಕವಾಯಿತು!

ಕೈ ತೊಳೆಯುವಾಗ ದೊಡ್ಡಪ್ಪ ಹತ್ತಿರ ಬಂದು, "ನಮ್ ಪಂಪ್‌ಸೆಟ್ ಮೋಟ್ರು ಯಾಕೋ ಗುರ್ ಅಂತತೆ. ಇಷ್ಟು ಕಲಿತೋರು ಬಂದೀರಿ, ಒಂಚೂರು ಬಿಚ್ಚಿ ನೋಡ್ತೀರಾ?" ಎಂದರು.

ನಾನು ಹನ್ನೆರಡನೇ ನಂಬರ್ ಸ್ಪ್ಯಾನರ್ ಇದೆಯೇ ಎಂದು ಕೇಳಿದೆ. ಗಿರಿಜ, ಹೊಳಲ್ಕೆರೆಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.