ಗಲ್ಲಿಯ ಹಿಂದಿನ ಕಂಬ ಮತ್ತು ನಮ್ಮ ಅಡುಗೆಮನೆಯ ನಳ

ತಡವಾಗಿ ಓದು ಕಲಿತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಚಿಕ್ಕಂದಿನಲ್ಲೇ ಶಾಲೆ ಮುಗಿಸಿದವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಆರಾಮಾಗಿ ಚಹಾ ಕುಡಿಯುತ್ತಾರೆ. ನನಗೆ ಅದು ಸಾಧ್ಯವಿಲ್ಲ. ಮೀಸೆ ಬಂದು, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಹತ್ತನೇ ಇಯತ್ತೆ ಪಾಸಾದವನು ನಾನು. ಅಷ್ಟು ಒದ್ದಾಡಿ ತಂದ ವಿದ್ಯೆಯನ್ನು ಸುಮ್ಮನೆ ಮನೆಯಲ್ಲಿಟ್ಟು ಏನು ಮಾಡುವುದು? ಯಾರು ಏನು ಕೇಳಿದರೂ ಉತ್ತರ ಕೊಡುತ್ತೇನೆ. ಕೇಳದಿದ್ದರೂ ಕೊಡುತ್ತೇನೆ. ಬೀದರ ಕಡೆಯಿಂದ ನಮ್ಮ ಕಾಕಾ ಮೊದಲ ಸಲ ನಾನಿರುವ ಈ ಮರಾಠಿ ಸೀಮೆಯ ಸಂಭಾಜಿನಗರಕ್ಕೆ ಬಂದಾಗ, ಸ್ಟ್ಯಾಂಡಿನಲ್ಲಿ ‘ಕನ್ನಡ’ ಎಂದು ಬೋರ್ಡು ಹಾಕಿಕೊಂಡ ಬಸ್ಸೊಂದು ನಿಂತಿತ್ತು. “ಇದೇನೋ?” ಎಂದು ಕೇಳಿದರು. ನಾನೂ ಈ ಊರಿಗೆ ಹೊಸಬ. ಆದರೂ ಹಿಂದೆಮುಂದೆ ನೋಡದೆ, “ನಮ್ಮ ಮಂದಿ ಇಲ್ಲಿ ಭಾಳ ಅದಾರಲ್ರಿ ಕಾಕಾ, ನಮಗಂತ್ಲೇ ಬ್ಯಾರೆ ಗಾಡಿ ಬಿಟ್ಟಾರ” ಅಂದೆ. ಕಾಕಾ ಅಭಿಮಾನದಿಂದ ಹತ್ತಿ ಕೂತರು. ಸಂಜೆ ಅವರ ಫೋನು ಬಂದದ್ದು ಕನ್ನಡ ಎಂಬ ತಾಲೂಕು ಊರಿನಿಂದ. ಅಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ ಎಂದು ಅವರು ನನಗೆ ಶುದ್ಧ ಕನ್ನಡದಲ್ಲೇ ತಿಳಿಸಿದರು.

ಈ ಚಟದಿಂದ ಹೆಚ್ಚು ತೊಂದರೆ ಅನುಭವಿಸಿದವಳು ನನ್ನ ಮಗಳು ಸಾಕ್ಷಿ. ಈಗ ಎಂಟನೆಯ ಇಯತ್ತೆ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಕೊಡುತ್ತಾಳೆ. ನಾನು ಪರೀಕ್ಷೆಗೆ ಓದುವಾಗ ಅವಳಿನ್ನೂ ಪುಟ್ಟವಳು. ನನ್ನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಎದುರಿಗೆ ಕೂತು, ನಾನು ಬಾಯಿಪಾಠ ಒಪ್ಪಿಸಿದ್ದಕ್ಕೆಲ್ಲ “ಚೂಕ್, ಬಾಬಾ” ಅನ್ನುತ್ತಿದ್ದಳು, ಎಲ್ಲವೂ ತಪ್ಪು ಎಂದು. ಆ ಋಣ ತೀರಿಸಬೇಕೆಂದು ಅವಳ ಶಾಲೆಯ ಕೆಲಸಕ್ಕೆಲ್ಲ ನಾನು ತಲೆ ಹಾಕುತ್ತೇನೆ. ಹೋದ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ಅವಳಿಗೆ ಕೇಳಿದ ಪ್ರಶ್ನೆಗಳಿಗೆಲ್ಲ ಪಕ್ಕದಲ್ಲಿ ನಿಂತು ನಾನೇ ಉತ್ತರಿಸಿದೆ. ಅವಳು ಮನೆಯ ತನಕ ಮಾತಾಡಲಿಲ್ಲ. ಖುಷಿಗೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಈ ವರ್ಷ ಅವರ ಬಾಯಿಯವರು, ಅಂದರೆ ಟೀಚರು, ಒಂದು ಕೆಲಸ ಕೊಟ್ಟರು. ಖಾಮ್ ನದಿಯ ದಂಡೆಯಲ್ಲಿರುವ ಹಳೆಯ ನೀರಿನ ಕಟ್ಟಡಗಳಲ್ಲಿ ಒಂದನ್ನು ಆರಿಸಿಕೊಂಡು, ಅದನ್ನು ಯಾತಕ್ಕೆ ಕಟ್ಟಿದ್ದರು ಎಂದು ಕಂಡುಹಿಡಿದು, ಅಲ್ಲೇ ನಿಂತು ಹೇಳಬೇಕು. ತಂದೆತಾಯಿ ಬಂದು ಕೇಳಬಹುದು. ಉಳಿದ ಮಕ್ಕಳು ಬೋರ್ಡು ಇರುವ ಹೆಸರಾಂತ ಜಾಗಗಳನ್ನು ಹಿಡಿದರು. ಸಾಕ್ಷಿ ಮಾತ್ರ ನಮ್ಮ ಗಲ್ಲಿಯ ಹಿಂದೆ ಅದೇ ದಂಡೆಯಲ್ಲಿರುವ ಕಂಬವನ್ನು ಆರಿಸಿಕೊಂಡಳು. ಕಲ್ಲು, ಇಟ್ಟಿಗೆ, ಸುಣ್ಣದ ದಪ್ಪ ಕಂಬ. ಮೇಲೆ ಬಾಯಿ ತೆರೆದಿದೆ, ಬುಡದಲ್ಲಿ ಒಡೆದ ಮಣ್ಣಿನ ಕೊಳವೆ ಇಣುಕುತ್ತದೆ. ನನ್ನ ಹೆಂಡತಿ ಕಮಲಾ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾಳೆ. ಬೋರ್ಡಿಲ್ಲ, ಹೆಸರಿಲ್ಲ.

ನಾನು ತಯಾರಾದೆ. ಸಾಕ್ಷಿ ಒಪ್ಪಿದ್ದು ಒಂದು ಷರತ್ತಿನೊಂದಿಗೆ. “ತುಮ್ಹಿ ಯಾ ಬಾಬಾ, ಪಣ ಬೋಲೂ ನಕಾ” ಅಂದಳು. ಬನ್ನಿ, ಆದರೆ ಮಾತಾಡಬೇಡಿ. ಮಾತಾಡಿದರೆ ಮುಂದೆ ಶಾಲೆಯ ಯಾವ ಕಾರ್ಯಕ್ರಮಕ್ಕೂ ಕರೆಯುವುದಿಲ್ಲ ಎಂದೂ ಸೇರಿಸಿದಳು. ಸಿಟ್ಟಿನಿಂದ ಹೇಳಿದ್ದರೆ ಏನೂ ಅನಿಸುತ್ತಿರಲಿಲ್ಲ. ಅವಳು ಬಹಳ ಮೆತ್ತಗೆ, ನೋವಾಗದಂತೆ ಹೇಳಿದಳು. ಅದಕ್ಕೇ ನೋವಾಯಿತು.

ಮಾತಾಡಬಾರದು ಅಂದಳು, ವಿಚಾರಿಸಬಾರದು ಅನ್ನಲಿಲ್ಲವಲ್ಲ. ಮೊದಲು ಇಲ್ಲಿಯೇ ಇರುವ ಕುಂದಾಪುರದ ಶೆಟ್ಟರ ಹೋಟೆಲಿಗೆ ಹೋದೆ. ನನ್ನ ಮೊಬೈಲಿನಲ್ಲಿದ್ದ ಫೋಟೋ ನೋಡಿ ಅವರು, “ಇದು ಹೊಗೆಗೂಡು ಮಾರಾಯ್ರೆ. ಕೆಳಗೆ ದೊಡ್ಡ ಒಲೆ ಇದ್ದಿರಬೇಕು. ಎಷ್ಟು ಜನರಿಗೆ ಅಡುಗೆ ಆಗ್ತಿತ್ತೋ ಏನೋ” ಎಂದು ಹಳೆಯ ಕಾಲದ ವ್ಯಾಪಾರ ನೆನೆದು ನಿಟ್ಟುಸಿರು ಬಿಟ್ಟರು. ನಾಸಿಕ್ ರೋಡಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿರುವ ಹೆಂಡತಿಯ ತಮ್ಮ ಬಸವರಾಜನಿಗೆ ಫೋಟೋ ಕಳಿಸಿದೆ. ಅವನು, “ಮಾಮಾ, ಇದು ಕಾವಲು ಕಟ್ಟೆ. ಒಳಗೊಬ್ಬ ಕುಂತಿರ್ತಿದ್ದ. ಪಾಪ, ಅಂವಗ ಕುರ್ಚಿ ಸುದ್ದಾ ಕೊಟ್ಟಿಲ್ಲ ನೋಡ್ರಿ” ಅಂದ. ನಾನು ಶೇಂದ್ರಾದ ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಇಬ್ಬರೂ ತಮ್ಮ ತಮ್ಮ ಕೆಲಸವನ್ನೇ ಕಂಬದಲ್ಲಿ ನೋಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ನಕ್ಕು, ಅದು ನೀರಿನ ಗೋದಾಮು ಎಂದು ತೀರ್ಮಾನ ಮಾಡಿದೆ. ಸಾಕ್ಷಿಗೆ ಹೇಳಿದೆ. “ನೀರು ತುಂಬಿದರೆ ಬುಡದ ಕೊಳವೆಯಿಂದ ಹರಿದು ಹೋಗುವುದಿಲ್ಲವೇ?” ಎಂದು ಮರಾಠಿಯಲ್ಲಿ ಕೇಳಿದಳು. ಯೋಚಿಸಿ ಹೇಳುತ್ತೇನೆ ಅಂದೆ.

ಇದೇ ದಿನಗಳಲ್ಲಿ ಅಡುಗೆಮನೆಯ ನಳ ಕೆಟ್ಟಿತ್ತು. ತಿರುಗಿಸಿದರೆ ಮೊದಲು ಬಿಕ್ಕುತ್ತದೆ, ಕೆಮ್ಮುತ್ತದೆ, ಒಂದಿಷ್ಟು ಉಗುಳಿ ನಿಲ್ಲುತ್ತದೆ. ಮಾಳಿಗೆಯ ಟಾಕಿಯಲ್ಲಿ ನೀರು ತುಂಬಿದೆ. ಹೊಸ ನಳ ಹಾಕಿಸಿದೆ, ಅದೂ ಕೆಮ್ಮಿತು. “ಈ ನಳಕ್ಕ ದಮ್ಮು ಹತ್ಯಾದ. ದವಾಖಾನಿಗಿ ಒಯ್ರಿ” ಎಂದು ಕಮಲಾ ದಿನವೂ ಚುಚ್ಚುತ್ತಿದ್ದಳು. ಕಸ ಕಟ್ಟಿರಬೇಕೆಂದು ಒಂದು ಭಾನುವಾರ ಮಾಳಿಗೆ ಹತ್ತಿದೆ. ಹಿಂದಿನಿಂದ ಸಾಕ್ಷಿಯೂ ಬಂದಳು. ಟಾಕಿಯಿಂದ ಹೊರಟ ಪೈಪಿನ ಮೇಲೆ ಇನ್ನೊಂದು ಪೈಪು ನೆಟ್ಟಗೆ ನಿಂತಿದೆ. ಅದರ ಬಾಯಿಗೆ ನಾನೇ ಬೇಸಿಗೆಯಲ್ಲಿ ಹಳೆಯ ಬನಿಯನ್ ಗಟ್ಟಿಯಾಗಿ ತುರುಕಿದ್ದೆ. ಪಾರಿವಾಳಗಳ ಕಾಟ. ಜೊತೆಗೆ, ಬಾಯಿ ತೆರೆದಿರುವ ಏನನ್ನು ಕಂಡರೂ ಸ್ಟೋರಿನವನಿಗೆ ಮುಚ್ಚಳ ಹಾಕಬೇಕೆನಿಸುತ್ತದೆ.

“ಹೇ ಕಶಾಸಾಠಿ, ಬಾಬಾ?” ಅಂದಳು. ಇದು ಯಾತಕ್ಕೆ?

“ಯಾತಕ್ಕೂ ಇಲ್ಲ. ಪ್ಲಂಬರ್ ಹೆಚ್ಚಾದ ತುಂಡನ್ನ ಬಿಟ್ಟು ಹೋಗ್ಯಾನ” ಅಂದೆ.

ಅವಳು ಬನಿಯನ್ ಹಿಡಿದು ಎಳೆದಳು. ಪೈಪು ಉಸ್ಸೆಂದು ದೊಡ್ಡ ಉಸಿರು ಬಿಟ್ಟಿತು. ಆಮೇಲೆ ಒಳಗೆಲ್ಲೋ ಗುಳುಗುಳು ಸದ್ದು. ಅಷ್ಟರಲ್ಲಿ ಕೆಳಗಿನಿಂದ ಕಮಲಾ, “ಏನ್ ಮಾಡ್ದ್ರಿ? ನನ್ನ ಸೀರಿ ಎಲ್ಲಾ ತೊಯ್ತು” ಎಂದು ಕೂಗಿದಳು. ನಳ ಭರ್ರೆಂದು ಹರಿಯುತ್ತಿತ್ತು.

ಸಾಕ್ಷಿ ನೆಟ್ಟಗೆ ನಿಂತ ಪೈಪನ್ನು ನೋಡಿದಳು. ತಲೆ ಎತ್ತಿ, ಗಲ್ಲಿಯ ಹಿಂದೆ, ಒಣಗುವ ಸೀರೆಗಳ ಆಚೆ ನೆಟ್ಟಗೆ ನಿಂತ ಕಂಬವನ್ನು ನೋಡಿದಳು. ನಾನೂ ನೋಡಿದೆ. ನನಗೂ ತಿಳಿಯಿತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದಳು. ಬಂದ ಮಾತನ್ನು ನುಂಗಿದೆ. ಅದು ಸುಲಭವಾಗಿ ಇಳಿಯುವಂಥದ್ದಲ್ಲ.

ಹೇಳುವ ದಿನ ಮಕ್ಕಳೂ ಪಾಲಕರೂ ಕಂಬದ ಸುತ್ತ ನಿಂತರು. ಕಮಲಾ ಹಗ್ಗ ಬಿಚ್ಚಿ ಕಂಬಕ್ಕೆ ಮರ್ಯಾದೆ ಕೊಟ್ಟಿದ್ದಳು. ಸಾಕ್ಷಿ ಮೊದಲು ಹೊಗೆಗೂಡು, ಕಾವಲು ಕಟ್ಟೆ, ಗೋದಾಮು ಮೂರನ್ನೂ ಹೇಳಿ ಮೂರೂ ಚೂಕ್ ಅಂದಳು. ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ದೂರದಿಂದ ನೀರು ಬರುತ್ತಿತ್ತು, ದಾರಿಯಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಮುಂದೆ ಹೋಗುವುದಿಲ್ಲ, ಆ ಗಾಳಿ ಹೊರಗೆ ಹೋಗಲೆಂದು ಈ ಕಂಬ, ಅದಕ್ಕೇ ಇದರ ಬಾಯಿ ತೆರೆದಿದೆ ಎಂದು ನಿಧಾನವಾಗಿ ವಿವರಿಸಿದಳು. ಬಾಯಿಯವರು ಬಗ್ಗಿ ಕೊಳವೆ ನೋಡಿ, ಮೇಲೆ ನೋಡಿ, “ಬರೋಬರ್” ಅಂದರು, ಸರಿಯಾಗಿದೆ ಎಂದು. ಯಾರು ಸಹಾಯ ಮಾಡಿದರು ಎಂದು ಕೇಳಿದರು.

ನಾನು ಕಾಲ ಬೆರಳು ನೋಡಿಕೊಂಡೆ. “ಬಾಬಾ” ಅಂದಳು ಸಾಕ್ಷಿ, ಎಂದಿನ ಮರಾಠಿಯಲ್ಲೇ. “ಮನೆಯ ಪೈಪಿಗೆ ಅವರು ಬನಿಯನ್ ತುರುಕಿದ್ದರು. ತುರುಕದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.” ಎಲ್ಲರೂ ನಕ್ಕರು. ನನಗೂ ನಗು ಬಂತು. ಅವಳು ನನ್ನ ಹತ್ತಿರ ಬಂದು ಕೈ ಹಿಡಿದು ಎಲ್ಲರ ನಡುವೆ ನಿಲ್ಲಿಸಿ, ಮನೆಯಲ್ಲೂ ಆಡದ ಕನ್ನಡದಲ್ಲಿ, “ಅಪ್ಪಾ, ಈಗ ನೀವು ಮಾತಾಡ್ರಿ” ಅಂದಳು.

ಹೇಳಲು ಎಷ್ಟೊಂದಿತ್ತು. ಬಾಯಿ ತೆರೆದೆ. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದೆ, ಕೆಮ್ಮು ಬಂತು. ಹಿಂದಿನಿಂದ ಕಮಲಾ, “ತಡೀರಿ, ಮೊದಲ ಗಾಳಿ ಹೋಗ್ಲಿ, ಆಮ್ಯಾಲ ನೀರು ಬರ್ತದ” ಅಂದಳು.

ಅವತ್ತು ಕಣ್ಣಿಗೆ ಮಾತ್ರ ಬಂತು. ಮಾತು ಇವತ್ತು ಬರುತ್ತಿದೆ, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿರುವುದರಿಂದ ಸಣ್ಣ ಧಾರೆಯಾಗಿ. ಸಾಕ್ಷಿ ಹೆಗಲ ಮೇಲಿಂದ ಬಗ್ಗಿ ನೋಡಿ, ಸಾಕು ಬಾಬಾ, ಇನ್ನು ನಳ ಬಂದ್ ಮಾಡಿ ಅನ್ನುತ್ತಿದ್ದಾಳೆ.