ಸೆರೆ ಅಂಗಡಿಯ ಕಂಬ ಮತ್ತು ನನ್ನ ಸೋದರಮಾವ

ಒಂದು ಹನಿ ಸೆರೆಯನ್ನೂ ನಾಲಿಗೆಗೆ ಸೋಕಿಸದೆ ಇಡೀ ಪುಣೆಯಲ್ಲಿ ಪಕ್ಕಾ ಕುಡುಕನೆಂದು ಹೆಸರು ಮಾಡಿದ ಗೃಹಸ್ಥ ಯಾರಾದರೂ ಇದ್ದರೆ ಅವರು ನನ್ನ ಸೋದರಮಾವ! ಧಾರವಾಡದಿಂದ ನೌಕರಿಗೆಂದು ಬಂದು ಅವರ ಮನೆಯಲ್ಲಿ ಇಳಿದುಕೊಂಡಿದ್ದಕ್ಕೆ ಆ ಹೆಸರಿನಲ್ಲಿ ಅರ್ಧ ನನಗೂ ಬಂತು.

ಮಾವನಿಗೆ ಹಳೆಯ ಕಟ್ಟಡಗಳ ಹುಚ್ಚು. ಪಾಳುಬಿದ್ದ ವಾಡೆ ಕಂಡರೆ ಸಾಕು, ಕೋಲಿನಿಂದ ಗೋಡೆ ಕುಟ್ಟಿ ಕಿವಿ ಹಚ್ಚುವರು. ಅಷ್ಟಕ್ಕೇ ನಿಂತಿದ್ದರೆ ನಾನೇಕೆ ಗೋಳಾಡುತ್ತಿದ್ದೆ? ಆದರೆ ಊರಿಗೆಲ್ಲ ಚೆಂದದ ಕಂಬಗಳು ಇದ್ದದ್ದು, ಹಾಳಾದ್ದು, ಒಂದು ಸೆರೆ ಅಂಗಡಿಯಲ್ಲಿ! ಪೇಶ್ವೆಯರ ಕಾಲದ ಯಾವನೋ ಸರದಾರನ ವಾಡೆ ಅದು. ಸರದಾರ ಹೋದ, ಸೆರೆ ಬಂತು. ತೇಗದ ಕಂಬಗಳ ನೆತ್ತಿಯಲ್ಲಿ ಕೆತ್ತಿದ ಬಾಳೆಹೂಗಳು ಮಾತ್ರ ಹಾಗೇ ಉಳಿದವು. ದಿನಾ ಸಂಜೆ, ಕಚೇರಿಯಲ್ಲಿ ದುಡಿದು ಹಣ್ಣಾದ ನನ್ನನ್ನು ಎಳೆದುಕೊಂಡು ಮಾವ ಅಲ್ಲಿ ಹಾಜರು.

"ಮ್ಯಾಲ ನೋಡೋ! ಒಂದ ಮೊಳಿ ಸುದ್ದಾ ಹೊಡದಿಲ್ಲ!"

ಮೇಲೆ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತು. ಪಕ್ಕದ ಬಾಕಿನ ಮೇಲಿದ್ದ ಕುಡುಕನೂ ಮೇಲೆ ನೋಡಿದ, ಏನೂ ಕಾಣಲಿಲ್ಲ, ತನಗೇ ಹೆಚ್ಚಾಯಿತೆಂದು ಎದ್ದು ಮನೆಗೆ ಹೋದ! ಗಿರಾಕಿ ಕಳೆದುಕೊಂಡ ಮಾಲೀಕ ಮರಾಠಿಯಲ್ಲಿ ಅಂಗಲಾಚಿದ: ಸಾಹೇಬರೇ, ಒಂದೋ ಕುಡಿಯಿರಿ, ಇಲ್ಲವೇ ಮನೆಗೆ ನಡೆಯಿರಿ.

ಮನೆಯಲ್ಲಿ ಇನ್ನೊಂದು ಫಜೀತಿ. ಮಾವ ಮಹಾ ಮಡಿವಂತರು. ಅಂಗಡಿಯ ಮೈಲಿಗೆ ಕಳೆಯಲೆಂದು ಹಿತ್ತಲಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವರು.

"ನಿಶಾ ಇಳೀಲಿ ಅಂತ ಸುರಕೋತಾರ ನೋಡ್ರಿ," ಅಂದರು ನೆರೆಯವರು. ಇದಕ್ಕೇನು ಉತ್ತರ ಕೊಡುತ್ತೀರಿ?

"ಕುಡದರ ಬಂದಿದ್ರ ಒಂದೀಟು ಸುಖಾನರ ಪಟ್ರು ಅಂತಿದ್ದೆ!" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ನಗುವ ಮಾತಲ್ಲ. ಅವರ ಒಬ್ಬಳೇ ಮಗಳು ಮದುವೆಗೆ ಬಂದಿದ್ದಳು. ನೋಡಲು ಬಂದ ಒಂದು ಮನೆಯವರು ಓಣಿಯಲ್ಲಿ ವಿಚಾರಿಸಿ, ತಟ್ಟೆಯ ಉಪ್ಪಿಟ್ಟನ್ನೂ ಮುಟ್ಟದೆ ಎದ್ದರು. ಮುಂದೆ ಸೊಲ್ಲಾಪುರದ ಸಂಬಂಧ ಬಂದಾಗ ಅತ್ತೆ ಕೇಳಿಯೇಬಿಟ್ಟರು.

"ಮಗಳು ಬೇಕೋ, ಕಂಬ ಬೇಕೋ ನಿಮಗ?"

ಮರುದಿನದಿಂದ ಮಾವ ಕಚೇರಿ ಮುಗಿದೊಡನೆ ನೇರ ಮನೆಗೆ ಬರತೊಡಗಿದರು. ನನ್ನ ಕಾಲು, ಕತ್ತು ಎರಡಕ್ಕೂ ಬಿಡುಗಡೆ! ಆದರೆ ಸಂಜೆಯೆಲ್ಲ ಮನೆಯ ತಗಡಿನ ಸೂರು ನೋಡುತ್ತ ಮಲಗಿರುತ್ತಿದ್ದ ಅವರನ್ನು ಕಂಡು ನನಗೇ ಸಂಕಟವಾಗುತ್ತಿತ್ತು. ಏಳಿ, ಹೋಗೋಣ ಎನ್ನುವ ಧೈರ್ಯ ಮಾತ್ರ ಬರಲಿಲ್ಲ, ಅತ್ತೆ ಇದ್ದರಲ್ಲ!

ಅಂತೂ ಮದುವೆಯಾಯಿತು. ಮಗಳನ್ನು ಕಳಿಸುವ ದಿನ ಅಳಿಯ ಮತ್ತು ಉಳಿದವರು ಮುಂದೆ ಹೋದರು; ಹಿಂದಿನ ಟಾಂಗಾದಲ್ಲಿ ಮಗಳು, ಅವಳ ಮಾವನವರಾದ ಬೀಗರು, ಮಾವ ಮತ್ತು ನಾನು ಸ್ಟೇಶನ್ನಿಗೆ ಹೊರಟೆವು. ಸೆರೆ ಅಂಗಡಿ ಬಂದದ್ದೇ ಮಾವ ಗಡಬಡಿಸಿ ಮುಖ ಆಚೆ ತಿರುಗಿಸಿದರು.

"ಟಾಂಗಾ ನಿಲ್ಲಸ್ರಿ," ಅಂದಳು ಮಗಳು. ಬೀಗರು ಗಾಬರಿಯಾದರು. ಹೊಸ ಸೊಸೆ ಎಂಬ ಅಂಜಿಕೆಯೂ ಇಲ್ಲದೆ ಅವರಿಗೇ ಹೇಳಿದಳು: "ನಮ್ಮಪ್ಪ ಇಲ್ಲಿಗೆ ದಿನಾ ಬರತಿದ್ರು. ಕುಡೀಲಿಕ್ಕಲ್ಲ, ಕಂಬ ನೋಡ್ಲಿಕ್ಕೆ. ನನ್ನ ಸಲುವಾಗಿ ಬಿಟ್ಟಾರ್ರಿ." ಆಮೇಲೆ ತಂದೆಯ ಕಡೆ ತಿರುಗಿ, "ಹೋಗಿ ಕಣ್ತುಂಬ ನೋಡ್ಕೊಂಡ ಬರ್ರಿ ಅಪ್ಪಾ, ನಾವು ಕಾಯತೀವಿ."

ಬೀಗರು ಕಾಲು ಸರಿಸಿ ದಾರಿ ಬಿಟ್ಟರು. ಮಾವ ಇಳಿದು ಬಾಗಿಲವರೆಗೆ ಹೋದರು. ರೂಢಿಯಂತೆ ನಾನೂ ಹಿಂದೆಯೇ ಹೋಗಿ ಕತ್ತು ಮೇಲೆತ್ತಿದೆ. ಪಕ್ಕಕ್ಕೆ ನೋಡಿದರೆ, ಮಾವ ಕಂಬಗಳಿಗೆ ಬೆನ್ನು ಹಾಕಿ ನಿಂತು ಟಾಂಗಾದಲ್ಲಿ ಕೂತ ಮಗಳ ಮುಖವನ್ನೇ ನೋಡುತ್ತಿದ್ದರು.

"ನೋಡಿದ್ರೇನ್ರಿ ಅಪ್ಪಾ?" ಅಲ್ಲಿಂದಲೇ ಕೂಗಿದಳು.

"ನೋಡಿದ್ನವ್ವಾ," ಅಂದರು ಮಾವ.