ಅಲಸಂದೆ ನಂಟ

ಎಲ್ಲಕ್ಕೂ ಕಾರಣ ಒಂದು ಜೊತೆ ಹೊಸ ಬೂಟು. ಡಕಾಯಿತರ ಮೋಟಾರ್‌ಸೈಕಲ್ ಸದ್ದು ಕೇಳಿದ್ದೇ ತಡ, ಊರಿಗೆ ಊರೇ ಪೊದೆಗಾಡಿಗೆ ಓಡಿತು. ಎಲ್ಲರಿಗಿಂತ ಮುಂದೆ ಊರ ಮುಖ್ಯಸ್ಥ ಬುರಾಮಾ. ದರ್ಜಿ ಸುಂಗಾಲೊ ಮಾತ್ರ ಬೂಟಿಗಾಗಿ ಮನೆಗೆ ವಾಪಸು ಬಂದ. ಮುಟ್ಠಾಳ! ಅದನ್ನು ಕಾಲಿಗೇರಿಸುವಷ್ಟರಲ್ಲಿ ಡಕಾಯಿತರು ಊರ ದನ, ಆಡುಗಳ ಜೊತೆ ಅವನನ್ನೂ ಹೊಡೆದುಕೊಂಡು ಹೋದರು.

ಬೆಟ್ಟದ ಬುಡದಲ್ಲಿ ಅವನನ್ನು ಮರಕ್ಕೆ ಕಟ್ಟಿ, ಗೂಳಿ ಕತ್ತಿನ ನಾಯಕ ಬುರಾಮಾನಿಗೆ ಫೋನ್ ಮಾಡಿದ.

"ನಿಮ್ಮ ಸುಂಗಾಲೊ ನಮ್ಮತ್ರ ಇದಾನೆ. ಬಿಡಿಸ್ಕೋತೀರಾ?"

"ಯಾವ ಸುಂಗಾಲೊ?" ಎಂದ ಬುರಾಮಾ ಫೋನ್ ಇಟ್ಟೇಬಿಟ್ಟ.

ನಾಯಕ ಆಕಳಿಸಿದ. "ಇವನಿಗೆ ದಂಡವಾಗಿ ಯಾರು ಅನ್ನ ಹಾಕ್ತಾರೆ? ಗುಂಡಿ ತೋಡ್ರೋ."

ಇಬ್ಬರು ಗುದ್ದಲಿ ಹಿಡಿದು ತೋಡತೊಡಗಿದರು. ಅಷ್ಟರಲ್ಲಿ ಅಡುಗೆಯವನು ಕೂಗಿದ: "ಜಾರಾ ಅಣ್ಣಾ, ಊಟ!"

"ನೀನು ಜಾರಾ ಮನೆತನದವನಾ?" ಸುಂಗಾಲೊ ಗುಡುಗಿದ. "ಥೂ, ಅಲಸಂದೆಬಾಕ! ನಿಮ್ಮಜ್ಜ ನಮ್ಮಜ್ಜನ ಕತ್ತೆ ಕಾಯ್ತಿದ್ದ. ನೀನು ತ್ರಾವೊರೆ ಮನೆತನದವನನ್ನ ಕಟ್ಟಿಹಾಕ್ತೀಯಾ?"

ತೋಡುತ್ತಿದ್ದವರ ಗುದ್ದಲಿ ನಿಂತಿತು. ನಾಯಕ ಹೊಟ್ಟೆ ಹಿಡಿದು ನಕ್ಕ.

"ತ್ರಾವೊರೆನಾ? ಮೊದ್ಲೇ ಬೊಗಳಬಾರ್ದೇನೋ, ಅಲಸಂದೆ ಕಳ್ಳ! ನಿನ್ನ ರಕ್ತ ಚೆಲ್ಲಿದ್ರೆ ನಮ್ಮ ಹಿರಿಯರು ನನ್ನ ಸುಮ್ನೆ ಬಿಡ್ತಾರಾ?"

ಆ ನಾಡಿನಲ್ಲಿ ಜಾರಾ, ತ್ರಾವೊರೆ ಮನೆತನಗಳವರು ಅಜ್ಜಂದಿರ ಕಾಲದಿಂದ ಹಾಸ್ಯದ ನಂಟರು; ಅಲಸಂದೆ ತಿನ್ನೋನು ಎಂದು ಒಬ್ಬರನ್ನೊಬ್ಬರು ಹಂಗಿಸುವುದು ವಾಡಿಕೆ. ಬೈದರೆ ಸಿಟ್ಟಾಗಬಾರದು, ಕೇಳಿದರೆ ಇಲ್ಲವೆನ್ನಬಾರದು. ಸುಂಗಾಲೊ ಹೊಟ್ಟೆ ತುಂಬ ಮಾಂಸ ಕೇಳಿದ, ಸಿಕ್ಕಿತು. ಊರಂಚಿನವರೆಗೆ ಸವಾರಿ ಕೇಳಿದ, ಅದೂ ಸಿಕ್ಕಿತು.

ಇಳಿಸುವಾಗ ನಾಯಕ ಹೇಳಿದ: "ನಂಟಾ, ಆ ಬೂಟು ಕೊಡು."

ಇಲ್ಲವೆನ್ನುವ ಹಾಗಿಲ್ಲ. ಹಾಳಾದದ್ದು, ನಾಯಕನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಬರಿಗಾಲಲ್ಲಿ ಬಂದವನನ್ನು ಕಂಡು ಹೆಂಡತಿ ಸಿತಾನ್ ಗೋಳೋ ಎಂದಳು. ಬುರಾಮಾ ತಬ್ಬಿಕೊಂಡ. "ನಮ್ಮ ಸುಂಗಾಲೊ! ನಾನು ಹೇಳ್ಲಿಲ್ವಾ, ಬಂದೇ ಬರ್ತಾನೆ ಅಂತ?"

ಸುಂಗಾಲೊ ಉಬ್ಬಿದ. ಬಾಯಿ ಮುಚ್ಚಿಕೊಂಡಿದ್ದರೆ ಅವನಪ್ಪನ ಗಂಟು ಹೋಗುತ್ತಿತ್ತೇ? "ಆ ನಾಯಕ ನನ್ನ ನಂಟ. ನಾನು ಏನು ಕೇಳಿದ್ರೂ ಇಲ್ಲ ಅನ್ನೋ ಹಾಗಿಲ್ಲ!"

ಊರೆಲ್ಲ ಅವನ ಸುತ್ತ ಕವಿಯಿತು.

"ಏನು ಕೇಳಿದ್ರೂ?" ಬುರಾಮಾ ಮೆಲ್ಲಗೆ ಕೇಳಿದ. "ಹಾಗಾದ್ರೆ ನನ್ನ ಎತ್ತು?"

"ನನ್ನ ಹೋತ?" ಎಂದಳೊಬ್ಬ ಮುದುಕಿ.

"ಅಯ್ಯಾ, ಅವನ ಜೊತೆ ಇರೋರೆಲ್ಲ ಜಾರಾಗಳಲ್ಲ! ದಾರೀಲೇ ಗುಂಡು ಹಾರಿಸ್ತಾರೆ!" ಸುಂಗಾಲೊ ಬಡಕೊಂಡ.

ಕೇಳುವವರಾರು? ನಂಟನಿಗೆ ಉಡುಗೊರೆಯೆಂದು ಒಂದು ಮೂಟೆ ಅಲಸಂದೆ ಅವನ ತಲೆಗೇರಿತು. ಬೆಳಿಗ್ಗೆ ಅವನನ್ನು ಬಿಟ್ಟು ಓಡಿದ್ದ ಊರೇ ಈಗ ಬೆನ್ನಿಗೆ ಕೈಕೊಟ್ಟು ಬೆಟ್ಟದ ದಾರಿಗೆ ದಬ್ಬಿತು.

ಸಿತಾನ್ ಕಣ್ಣೊರೆಸಿಕೊಂಡು ಹಿಂದಿನಿಂದ ಕೂಗಿದಳು: "ಹೆಂಗೂ ಹೋಗ್ತೀರಲ್ಲ, ಬೂಟು ಮರೀಬೇಡಿ!"